ಗಂಗೆ ಯಾರ ಮನೆ ಮಗಳು? ನಮ್ಮವ್ವನ ಗೌರಿ ಹಬ್ಬದ ಹಾಡಿನ ಜಾಡು

ರಾಗಿಗೆ ಕುಂಟೆ ಹೊಡೆದಾಯ್ತು, ಎರಡನೇ ಕಳೆನೂ ಮುಗೀತು. ಅಕ್ಕಡಿ ಸಾಲಲ್ಲಿ ಅವರೆ ಚೆನ್ನಾಗಿ ಎದ್ದಿದೆ. ಇನ್ನೊಂದು ಹದ ಮಳೆ ಬಂದ್ರೆ ಸಾಕು. ಬೆಳೆ ಸಮಾಚಾರ ಇಷ್ಟೇ. ಇವತ್ತು ಬರೀತಿರೋದು ಒಂದು ಹಾಡಿನ ವಿಷಯ. ಸ್ವಲ್ಪ ಉದ್ದ ಇದೆ, ರಾತ್ರಿ ಊಟ ಆದ್ಮೇಲೆ ನಿಧಾನಕ್ಕೆ ಓದಿ.

ಮೊನ್ನೆ ಗೌರಿ ಹಬ್ಬದ ಬೆಳಿಗ್ಗೆ ನಮ್ಮ ಸೊಸೆ ಬಿಂದಿಗೆ ಹಿಡಿದುಕೊಂಡು ಬಂದು, "ಮಾವ, ಗಂಗೆ ಎಲ್ಲಿಂದ ತರೋದು?" ಅಂತ ಕೇಳಿದಳು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಗೌರಿ ಕೂರಿಸೋಕೆ ಮುಂಚೆ ಹೆಂಗಸರು ಕೆರೆಗೋ ಬಾವಿಗೋ ಹೋಗಿ ಗಂಗೆ ಪೂಜೆ ಮಾಡಿ ನೀರು ತರ್ತಿದ್ರು. ಜೊತೆಗೆ ಕೆರೆ ಮಣ್ಣು ತಂದು ಆ ಮಣ್ಣಲ್ಲೇ ಗೌರಿ ಮಾಡ್ತಿದ್ರು. ಈಗ ಬಾವಿ ತುಂಬ ಕಸ. ಕೆರೆ ನೀರು ಮುಟ್ಟೋ ಹಾಗಿಲ್ಲ. ಬೋರ್ ನೀರು ಹಿಡಿಯೋಣ ಅಂದ್ರೆ ಕರೆಂಟ್ ಇಲ್ಲ. ಕೊನೆಗೆ ಕ್ಯಾನ್ ನೀರನ್ನೇ ಬಿಂದಿಗೆಗೆ ಬಗ್ಗಿಸಿ ಅರಿಶಿನ ಕುಂಕುಮ ಇಟ್ಟಳು. ಪಡಸಾಲೆಯಲ್ಲಿ ಕೂತಿದ್ದ ನಮ್ಮವ್ವ ನೋಡಿದಳು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗಂಗೆ ಗೌರಿ ಹಾಡು ಶುರು ಮಾಡಿದಳು. ಅರ್ಧಕ್ಕೆ ನಿಂತುಬಿಟ್ಟಳು. ಮುಂದಿನ ಸಾಲು ನೆನಪಿಗೆ ಬರಲಿಲ್ಲ.

ಅವ್ವನಿಗೆ ಎಂಬತ್ತು ದಾಟಿದೆ. ನಾನು ಚಿಕ್ಕವನಿದ್ದಾಗ ನಾಟಿ ಗದ್ದೆಯಲ್ಲಿ, ರಾಗಿ ಬೀಸುವಾಗ, ಹಬ್ಬದಲ್ಲಿ ಪೂರ್ತಿ ಹಾಡೋಳು. ಆಗ ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಆ ಅರ್ಧ ಹಾಡು ಹುಡುಕೋಕೆ ಹೊರಟೋನು, ಇದು ಎಲ್ಲಿಂದ ಬಂತು ಅನ್ನೋದರ ಹಿಂದೆನೇ ಬಿದ್ದುಬಿಟ್ಟೆ.

ಹಾಡು ಗೊತ್ತಿಲ್ಲದ ಹುಡುಗರಿಗೆ ಕತೆ ಹೇಳ್ತೀನಿ. ಶಿವ ಹೂವು ಕುಯ್ಯೋಕೆ ಅಂತ ಹೋಗ್ತಾನೆ. ಅಲ್ಲಿ ನೀರಿನ ದಡದಲ್ಲಿ ಗಂಗೆನ ನೋಡ್ತಾನೆ. ಅವಳು ಬೆಸ್ತರ ಮನೆ ಹುಡುಗಿ. ಮನಸಾಗಿ ಅವಳನ್ನ ತನ್ನ ಜಡೆಯಲ್ಲಿ ಬಚ್ಚಿಟ್ಟುಕೊಂಡು ಮನೆಗೆ ತರ್ತಾನೆ. ಮನೆಯಲ್ಲಿ ಗೌರಿಗೆ ಅನುಮಾನ. ತಲೆ ಯಾಕೆ ಒದ್ದೆ, ಜಡೆಯಲ್ಲಿ ಯಾರು ಅಂತ ಕೇಳ್ತಾಳೆ. ಶಿವ ಏನೇನೋ ಸುಳ್ಳು ಹೇಳ್ತಾನೆ. ಕೊನೆಗೆ ಗುಟ್ಟು ಒಡೆದು ಸವತಿಯರಿಬ್ಬರಿಗೂ ಜಗಳ ಹತ್ತುತ್ತೆ. ಗೌರಿ ಗಂಗೆಯ ಕುಲ ಎತ್ತಿ ಆಡ್ತಾಳೆ. ನಿಮ್ಮಪ್ಪ ಬಲೆ ಬೀಸೋನು, ನಿನ್ನ ಮೈಯೆಲ್ಲಾ ಮೀನು ವಾಸನೆ ಅಂತ. ಗಂಗೆ ಮುನಿಸಿಕೊಂಡು ಹೊರಟುಹೋಗ್ತಾಳೆ. ಅವಳ ಹಿಂದೆನೇ ಕೆರೆ ಬಾವಿ ಕೊಡ ಎಲ್ಲಾ ಬತ್ತಿಹೋಗುತ್ತೆ. ಗೌರಿ ಮುಟ್ಟಾಗಿ ಮೈ ತೊಳಕೊಳ್ಳೋ ದಿನ ಬಂದ್ರೆ ಒಂದು ಚೊಂಬು ನೀರಿಲ್ಲ. ಆಗ ಗೌರಿನೇ ಹೋಗಿ ತಂಗಿ ಬಾರಮ್ಮ ಅಂತ ಕರೀಬೇಕಾಗುತ್ತೆ. ಗಂಗೆ ಬರ್ತಾಳೆ, ನೀರು ಬರುತ್ತೆ, ಇಬ್ಬರೂ ಅಕ್ಕ ತಂಗಿಯರಾಗ್ತಾರೆ. ಊರಿಂದ ಊರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತೆ, ನಮ್ಮವ್ವ ಹೇಳೋದು ಹೀಗೆ.

ಮೊದಲು ಅರಳಿಕಟ್ಟೆ ಹತ್ರ ಕೇಳಿದೆ. ನಮ್ಮ ವಯಸ್ಸಿನೋರು ನಕ್ಕರು. "ಅದು ರಾಜಕುಮಾರ್ ಪಿಚ್ಚರ್ ಕಣಯ್ಯ, ಅದಕ್ಯಾಕೆ ಇತಿಹಾಸ" ಅಂದ್ರು. ನಿಜ, ಬಿ.ಆರ್. ಪಂತುಲು ಅವರು 1967ರಲ್ಲಿ 'ಗಂಗೆ ಗೌರಿ' ಅಂತ ಸಿನಿಮಾ ಮಾಡಿದ್ರು. ರಾಜಕುಮಾರ್, ಲೀಲಾವತಿ, ಭಾರತಿ ಇದ್ದರು. ಟೆಂಟಿನಲ್ಲಿ ನೋಡಿದ ಜ್ಞಾಪಕ ಹಿರಿಯರಿಗೆಲ್ಲ ಇದೆ. ಆದ್ರೆ ಅವ್ವ ಈ ಮನೆಗೆ ಸೊಸೆಯಾಗಿ ಬಂದಿದ್ದು ಆ ಸಿನಿಮಾಕ್ಕಿಂತ ಮುಂಚೆ. ಹಾಡು ಕಲಿತಿದ್ದು ಅವಳ ಅಜ್ಜಿಯಿಂದ. ಸಿನಿಮಾದವರು ಹಳ್ಳಿಯಿಂದ ಕತೆ ತಗೊಂಡ್ರು, ಹಳ್ಳಿಯವರು ಸಿನಿಮಾದಿಂದ ತಗೊಳ್ಳಲಿಲ್ಲ. ಆ ಲೆಕ್ಕ ಅಲ್ಲಿಗೆ ಮುಗೀತು.

ಎರಡನೇದಾಗಿ ನಮ್ಮ ರಿಟೈರ್ಡ್ ಮೇಷ್ಟ್ರು ಹತ್ರ ಹೋದೆ. ಅವರು, "ಇದು ಪುರಾಣದ್ದು, ಪುಸ್ತಕದಲ್ಲಿ ಹುಡುಕು" ಅಂದ್ರು. ಪುಸ್ತಕನೂ ಅವರೇ ಕೊಟ್ಟರು. ನನ್ನ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಎಷ್ಟು ಆಗುತ್ತೋ ಅಷ್ಟು ಓದಿದೆ. ಓದಿದ ಮೇಲೆ ಒಂದು ಆಶ್ಚರ್ಯ ಕಾದಿತ್ತು.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ರಾಮನಿಗೆ ಗಂಗೆ ಕತೆ ಹೇಳ್ತಾರೆ. ಅಲ್ಲಿ ಗಂಗೆ ಹಿಮವಂತನ ದೊಡ್ಡ ಮಗಳು. ಉಮೆ, ಅಂದ್ರೆ ನಮ್ಮ ಗೌರಿ, ಚಿಕ್ಕ ಮಗಳು. ಒಂದೇ ಮನೆ ಅಕ್ಕ ತಂಗಿಯರು! ಬೆಸ್ತರೂ ಇಲ್ಲ, ಬಲೆನೂ ಇಲ್ಲ. ಭಗೀರಥ ತಪಸ್ಸು ಮಾಡಿದ, ಗಂಗೆ ಇಳಿದಳು, ಶಿವ ಜಡೆಯಲ್ಲಿ ಹಿಡಿದ, ಅಷ್ಟೇ. ಹೂವು ಕುಯ್ಯೋಕೆ ಹೋಗಿ ಹುಡುಗಿ ತಂದ ಮಾತೇ ಇಲ್ಲ.

ಗೌರಿಗೆ ಹೊಟ್ಟೆಕಿಚ್ಚು ಬಂದ ಕತೆ ಮಾತ್ರ ಸಂಸ್ಕೃತದಲ್ಲೂ ಹಳೇದೇ. ವಿಶಾಖದತ್ತ ಬರೆದ 'ಮುದ್ರಾರಾಕ್ಷಸ' ಅಂತ ನಾಟಕ ಇದೆ. ಸಾವಿರ ವರ್ಷಕ್ಕೂ ಹಳೇದು. ಚಾಣಕ್ಯನ ರಾಜಕೀಯದ ನಾಟಕ ಅದು. ಆದ್ರೆ ಶುರುವಿನ ಪ್ರಾರ್ಥನೆ ಶ್ಲೋಕದಲ್ಲೇ ಪಾರ್ವತಿ ಗಂಡನನ್ನ ವಿಚಾರಿಸ್ಕೊಳ್ತಾಳೆ. ನಿಮ್ಮ ತಲೆ ಮೇಲೆ ಕೂತಿರೋ ಅದೃಷ್ಟವಂತೆ ಯಾರು ಅಂತ. ಅವನು ಚಂದ್ರನ ಕಡೆ ಕೈ ತೋರಿಸಿ ಜಾರಿಕೊಳ್ಳೋಕೆ ನೋಡ್ತಾನೆ. ನಮ್ಮವ್ವನ ಹಾಡಲ್ಲಿ ಶಿವ ಸುಳ್ಳು ಹೇಳೋ ಭಾಗ ಇದೆಯಲ್ಲ, ಅದರದ್ದೇ ಧಾಟಿ. ಅಂದ್ರೆ ಗಂಡ ಸುಳ್ಳು ಹೇಳೋದು, ಹೆಂಡತಿ ಹಿಡಿಯೋದು, ಇಷ್ಟು ಭಾಗ ಬಹಳ ಹಿಂದಿನಿಂದ ಇಡೀ ದೇಶದಲ್ಲೇ ಓಡಾಡ್ತಿತ್ತು. ತೆಲುಗಿನಲ್ಲೂ ಗಂಗಾ ಗೌರಿ ಸಂವಾದ ಅಂತ ಹೆಂಗಸರ ಹಾಡಿದೆ. ಹೊಸಕೋಟೆ, ಮಾಲೂರು, ಆನೇಕಲ್ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡೋ ಸಂಸಾರ ಎಷ್ಟಿಲ್ಲ? ಸೊಸೆಯಂದಿರ ಜೊತೆ ಹಾಡೂ ಆ ಕಡೆ ಈ ಕಡೆ ಹೋಗ್ತಾ ಬರ್ತಾ ಇತ್ತು.

ಹಾಗಾದ್ರೆ ಮೀನು ವಾಸನೆ ಎಲ್ಲಿಂದ ಬಂತು? ಅದಕ್ಕೂ ಒಂದು ಪುರಾಣ ಇದೆ, ಅದು ಮಹಾಭಾರತದ್ದು. ಸತ್ಯವತಿ ಬೆಸ್ತರ ದಾಶರಾಜನ ಸಾಕುಮಗಳು. ದೋಣಿ ನಡೆಸೋ ಹುಡುಗಿ. ಮೈಯಿಂದ ಮೀನು ವಾಸನೆ ಬರ್ತಿತ್ತು ಅಂತ ಮತ್ಸ್ಯಗಂಧಿ ಅಂತಿದ್ರು. ಅವಳ ಮಗನೇ ವೇದವ್ಯಾಸ. ಆಮೇಲೆ ಅವಳನ್ನ ಮದುವೆಯಾದೋನು ಶಂತನು ಮಹಾರಾಜ. ಈ ಶಂತನುವಿನ ಮೊದಲನೇ ಹೆಂಡತಿ ಯಾರು? ಗಂಗೆ! ಒಬ್ಬನೇ ಗಂಡನಿಗೆ ಒಂದು ಕಡೆ ಗಂಗೆ, ಇನ್ನೊಂದು ಕಡೆ ಬೆಸ್ತರ ಹುಡುಗಿ. ನಮ್ಮ ಹಾಡು ಕಟ್ಟಿದ ಹೆಂಗಸರು ಆ ಇಬ್ಬರನ್ನೂ ಸೇರಿಸಿ ಒಬ್ಬಳನ್ನ ಮಾಡಿದ್ದಾರೆ ಅಂತ ನನಗೆ ಅನ್ಸುತ್ತೆ. ಗಂಗೆನೇ ಬೆಸ್ತರ ಹುಡುಗಿ ಆದಳು.

ಆದ್ರೆ ಸುಮ್ಮನೆ ಯಾರೂ ಸೇರಿಸಲ್ಲ. ಕಣ್ಣೆದುರು ಏನೋ ನೋಡಿರಬೇಕು. ಅದಕ್ಕೆ ಪುಸ್ತಕ ಮುಚ್ಚಿಟ್ಟು ನಮ್ಮ ಕೆರೆಗಳ ಕಡೆ ಬಂದೆ.

ನಮ್ಮ ಈ ಬೆಂಗಳೂರು ಪೂರ್ವದ ಸೀಮೆಯಲ್ಲಿ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಬೆಂಗಳೂರು ದಿಣ್ಣೆ ಮೇಲಿದೆ. ಆ ಕಡೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ, ಈ ಕಡೆ ಬಿದ್ದ ಮಳೆ ಬೆಳ್ಳಂದೂರು ಕೆರೆ, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಬಿದ್ದ ನೀರನ್ನ ಕಟ್ಟೆ ಹಾಕಿ ಹಿಡಿದರೆ ಉಂಟು, ಇಲ್ಲದಿದ್ರೆ ಇಲ್ಲ. ಹಾಗಾಗಿ ನಮಗೆ ಗಂಗೆ ಅಂದ್ರೆ ಕಾಶಿಯ ಹೊಳೆ ಅಲ್ಲ, ಕೆರೆ. ಇವತ್ತಿಗೂ ಬೋರ್ ಕೊರೆಸುವಾಗ ನೀರು ಚಿಮ್ಮಿದ್ರೆ "ಗಂಗಮ್ಮ ಬಂದ್ಲು" ಅಂತೀವಿ. ಸರ್ಕಾರದ ಬೋರ್‌ವೆಲ್ ಯೋಜನೆಗೂ ಗಂಗಾ ಕಲ್ಯಾಣ ಅಂತ ಮದುವೆ ಹೆಸರೇ ಇಟ್ಟಿದ್ದಾರೆ ನೋಡಿ.

ಈ ಕೆರೆಗಳು ಎಷ್ಟು ಹಳೇವು ಅಂತ ಕಲ್ಲಲ್ಲೇ ಬರೆದಿದೆ. ಅಗರದಲ್ಲಿ 9ನೇ ಶತಮಾನದ ಗಂಗರ ಕಾಲದ ಶಾಸನ ಇದೆ. ಎರಡು ಕೆರೆಗೆ ತೂಬು ಇಡಿಸಿ ಮೂರನೇ ಕೆರೆ ಕಟ್ಟಿಸಿದೋನ ವಿಷಯ ಅದರಲ್ಲಿದೆ. ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನ ಇದೆ. ಪಟ್ಟಂದೂರು ಕೆರೆ ಕಟ್ಟಿ, ತೂಬು ಇಟ್ಟು, ದುರ್ಗೆ, ಗಣಪತಿ, ಕ್ಷೇತ್ರಪಾಲನನ್ನ ಪ್ರತಿಷ್ಠೆ ಮಾಡಿದ ವಿವರ ಅದರಲ್ಲಿದೆ. ಅದೇ ಪಟ್ಟಂದೂರು ಅಗ್ರಹಾರದ ಪಕ್ಕದಲ್ಲೇ ಈಗ ಐಟಿಪಿಎಲ್ ಇರೋದು. ವಿಭೂತಿಪುರದಲ್ಲಿ 1307ರ ಹೊಯ್ಸಳರ ಕಾಲದ ಶಾಸನ ಇದೆ. ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ ಊರು ಮಾಡಿದ್ದನ್ನ ಹೇಳುತ್ತೆ. ಬೆಂಗಳೂರು ಜಿಲ್ಲೆ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ ಅವರು 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ರು. ಈಗ ಮಿಥಿಕ್ ಸೊಸೈಟಿಯವರು ಈ ಕಲ್ಲುಗಳನ್ನ ಹುಡುಕಿ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ.

ಈ ಮೂರು ಶಾಸನಗಳ ಸಾರಾಂಶ ಓದಿದಾಗ ಒಂದು ವಿಷಯ ಹೊಳೀತು. ಕೆರೆ ಕಟ್ಟಿಸಿದೋರು ಸಿಗ್ತಾರೆ, ಆ ಕಾಲದ ರಾಜ ಸಿಗ್ತಾನೆ, ದೇವರೂ ಸಿಗ್ತಾರೆ. ಕೆರೆಯೊಳಗೆ ಇಳಿದು ಬದುಕಿದೋರ ಸುದ್ದಿ ಇಲ್ಲ. ಅವರ ಸುದ್ದಿ ಸಿಗೋದು ಗೌರಿ ಹಬ್ಬದ ಹಾಡಲ್ಲಿ. ಕಲ್ಲು ಕೆತ್ತಿಸೋಕೆ ದುಡ್ಡು ಬೇಕು. ಹಾಡಿಗೆ ಗಂಟಲು ಇದ್ರೆ ಸಾಕು.

ಬೆಸ್ತರ ಬಗ್ಗೆ ಬರವಣಿಗೆಯಲ್ಲಿ ಸಿಗೋದು ಬ್ರಿಟಿಷರ ಕಾಲದ್ದು. 1891ರ ಮೈಸೂರು ಸಂಸ್ಥಾನದ ಜನಗಣತಿ ವರದಿಯ ಮಾತನ್ನ ಥರ್ಸ್ಟನ್ ಅನ್ನೋರು 1909ರ ತಮ್ಮ ಜಾತಿಗಳ ಪುಸ್ತಕದಲ್ಲಿ ಸೇರಿಸಿದ್ದಾರೆ. ಪೂರ್ವದ ಜಿಲ್ಲೆಗಳಲ್ಲಿ, ಅಂದ್ರೆ ನಮ್ಮ ಕಡೆ, ಇವರನ್ನ ಬೆಸ್ತರು ಅಂತಾರೆ. ದಕ್ಷಿಣದಲ್ಲಿ ತೊರೆಯರು, ಅಂಬಿಗರು, ಪರಿವಾರದವರು. ಪಶ್ಚಿಮದಲ್ಲಿ ಕಬ್ಬೇರರು, ಗಂಗೆಮಕ್ಕಳು. ಕಸುಬು ಮೀನು ಹಿಡಿಯೋದು, ಪಲ್ಲಕ್ಕಿ ಹೊರೋದು, ಸುಣ್ಣ ಸುಡೋದು ಅಂತ ಬರೆದಿದೆ. ಗಂಗೆಮಕ್ಕಳು ಅನ್ನೋ ಹೆಸರು ಗಮನಿಸಿ. ಈಗಲೂ ಗಂಗಾಮತಸ್ಥರು ಅಂತ ಸಂಘ, ಕಲ್ಯಾಣ ಮಂಟಪ ಎಲ್ಲಾ ಇವೆ. ಗಂಗೆ ಅವರಿಗೆ ತಾಯಿ. ನಮ್ಮ ಹಾಡಲ್ಲಿ ಅವಳು ಅವರ ಮನೆ ಮಗಳು. ಹಂಗಿಸೋಕೆ ಅಂತ ನಾವು ಹಾಡೋ ನೆಂಟಸ್ತಿಕೆನ ಅವರು ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಇದನ್ನ ವಿಚಾರಿಸೋಕೆ ಕೆರೆ ಏರಿ ಕೆಳಗಿನ ಬೆಸ್ತರ ಬೀದಿಗೆ ಹೋದೆ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೂವತ್ತು ವರ್ಷದಿಂದ ನಾನು ಆ ಮನೆಗೆ ಹೋಗಿರಲಿಲ್ಲ. ಗುರುತು ಹಿಡಿದು, ಕೂರಿಸಿ, ಕಾಫಿ ಕೊಟ್ಟರು. "ಅಜ್ಜಿ, ಗಂಗೆ ಗೌರಿ ಹಾಡು ಬರುತ್ತಾ?" ಅಂದೆ. "ಅದು ನಮ್ಮನೆ ಹಾಡು ಕಣಪ್ಪ. ನೀವು ಗೌರಿ ಕಡೆಯಿಂದ ಹೇಳ್ತೀರ, ನಾವು ಗಂಗೆ ಕಡೆಯಿಂದ ಹೇಳ್ತೀವಿ" ಅಂದ್ರು.

ಹಾಡಿ ತೋರಿಸಿದ್ರು. ಕತೆ ಒಂದೇ, ಅಳತೆ ಬೇರೆ. ನಮ್ಮ ಮನೆ ಹಾಡಲ್ಲಿ ಬೈಗುಳದ ಭಾಗ ಉದ್ದ. ಗೌರಿ ಒಂದೊಂದೇ ಎತ್ತಿ ಆಡೋದನ್ನ ಹೆಂಗಸರು ನಕ್ಕೊಂಡು ಹಾಡ್ತಿದ್ರು. ಅಜ್ಜಿ ಹಾಡಲ್ಲಿ ಆ ಭಾಗ ಎರಡೇ ಸಾಲಿಗೆ ಮುಗೀತು. ಅದರ ಬದಲು ಶುರುವಿನಲ್ಲಿ ಗಂಗೆಯ ತವರುಮನೆ ಇದೆ. ಬಲೆ, ತೆಪ್ಪ, ಅಣ್ಣ ತಮ್ಮಂದಿರು. ಕೊನೆಯಲ್ಲಿ ಗೌರಿ ಬಂದು ಬೇಡಿಕೊಳ್ಳೋದು ಎಷ್ಟು ಉದ್ದ ಅಂದ್ರೆ, ಅಜ್ಜಿ ಎರಡು ಸಲ ನೀರು ಕುಡಿದು ಹಾಡಿದ್ರು. ನಮ್ಮವ್ವ ಮರೆತಿದ್ದು ಸರಿಯಾಗಿ ಅದೇ ಭಾಗ. ಹಾಡು ಮುಗಿಸಿ ಅಜ್ಜಿ ಒಂದು ಮಾತು ಹೇಳಿದ್ರು. "ಮೀನು ವಾಸನೆ ಅಂದೋಳು ಮೈ ತೊಳ್ಕೊಳ್ಳೋಕೆ ಯಾರನ್ನ ಕರೀಬೇಕು? ಅಷ್ಟೇ ಕಣಪ್ಪ ಈ ಹಾಡು."

ನಾನು ತಲೆ ತಗ್ಗಿಸಿದೆ. ಕಾರಣ ಹೇಳಿಬಿಡ್ತೀನಿ. ಆ ಅಜ್ಜಿಯ ಮಗ ನನ್ನ ಜೊತೆ ಏಳನೇ ಕ್ಲಾಸ್‌ವರೆಗೂ ಓದಿದ. ಒಂದೇ ಬೆಂಚು. ಬೇಸಿಗೆಯಲ್ಲಿ ಬೆಳಗಿನ ಜಾವ ಅಪ್ಪನ ಜೊತೆ ಬಲೆ ಎಳೆದು, ಹಾಗೇ ಓಡಿ ಸ್ಕೂಲಿಗೆ ಬರೋನು. ನಾವು ಮೂಗು ಮುಚ್ಕೊಂಡು ದೂರ ಸರೀತಿದ್ವಿ. ನಾನೇ ಎಲ್ಲರ ಮುಂದೆ ಒಂದು ಸಲ ಗೌರಿ ಬೈಗುಳದ ಸಾಲನ್ನ ರಾಗವಾಗಿ ಹಾಡಿದ್ದೆ. ಅವ್ವ ಹಾಡೋದು ಕೇಳಿ ಕಲಿತಿದ್ದು. ಎಲ್ಲಾ ನಕ್ಕರು. ಅವನೂ ನಕ್ಕ. ಮುಂದಿನ ವರ್ಷ ಅವನು ಸ್ಕೂಲಿಗೆ ಬರಲಿಲ್ಲ. ಅದಕ್ಕೆ ಬೇರೆ ಕಾರಣನೂ ಇತ್ತು, ಮನೆಯಲ್ಲಿ ಕಷ್ಟ ಇತ್ತು. ಆದ್ರೆ ನಾನು ಹಾಡಿದ್ದು ಹಾಡಿದ್ದೇ. ಅವನು ಈಗ ಒಂದು ಟೆಕ್ ಪಾರ್ಕ್ ಗೇಟಲ್ಲಿ ಸೆಕ್ಯೂರಿಟಿ. ರಾತ್ರಿ ಪಾಳಿ.

ಅವರ ಕಸುಬು ಏನು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ, ಅದಕ್ಕೆ ಬರೀತೀನಿ. ಕೆರೆ ತುಂಬಿದಾಗ ಗಾಳ, ಬೀಸುಬಲೆ. ಕಾಲುವೆ, ಗದ್ದೆ ಬಾಯಿಯಲ್ಲಿ ಕೂಳಿ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಬೇಟೆ. ಆಗ ಊರಿಗೆ ಊರೇ ಮಂಕರಿ ಹಿಡ್ಕೊಂಡು ಕೆರೆಯಲ್ಲಿ. ಕೊರಮೀನು, ಗೆಂಡೆ, ಏಡಿ. ಕೊರಮೀನು ಬಾಣಂತಿಯರಿಗೆ, ಕಾಯಿಲೆ ಬಿದ್ದು ಎದ್ದೋರಿಗೆ ಅಂತ ಎತ್ತಿಡ್ತಿದ್ರು. ಹಣಕ್ಕಿಂತ ರಾಗಿಗೆ ಬದಲು ಕೊಟ್ಟಿದ್ದೇ ಹೆಚ್ಚು. ತೂಬಿನ ಬಾಯಿಗೆ ಕಸ ಕಟ್ಟಿ ನೀರು ನಿಂತುಹೋದ್ರೆ ಮುಳುಗಿ ಬಿಡಿಸೋಕೆ ನೀರುಗಂಟಿ ಕರೀತಿದ್ದಿದ್ದು ಇವರನ್ನೇ. ಕೆರೆಯಲ್ಲಿ ಯಾರಾದ್ರೂ ಮುಳುಗಿದ್ರೆ ಹೆಣ ಎತ್ತಿ ಕೊಡ್ತಿದ್ದೋರೂ ಇವರೇ. ಕೋಡಿ ಬಿದ್ದ ವರ್ಷ ಗಂಗಮ್ಮನ ತೆಪ್ಪ ಬಿಡೋರೂ ಇವರೇ. ಕೆರೆ ಕೆಳಗೆ ಭತ್ತ ಬೆಳೆದೋರು ನಾವು. ಕೆರೆ ತಳ ಎಲ್ಲಿ ಎಷ್ಟು ಆಳ ಅಂತ ಗೊತ್ತಿದ್ದೋರು ಅವರು. ನಮ್ಮ ಗದ್ದೆಗೆ ನೀರು ಬರಬೇಕಾದ್ರೆ ಅವರ ಕೈ ಬೇಕಿತ್ತು. ಹಾಡಲ್ಲಿ ಗೌರಿ ಗಂಗೆನ ಕರೆಯೋದು ಇದೇ ಅಲ್ವಾ? ಆ ಭಾಗ ಪುರಾಣದಿಂದ ಬಂದಿದ್ದಲ್ಲ. ಅದು ಕೆರೆ ಏರಿ ಮೇಲೆ ಹುಟ್ಟಿದ್ದು.

ಹಬ್ಬದ ಕಾಲವೂ ನೋಡಿ. ಗೌರಿ ಬರೋದು ಭಾದ್ರಪದದಲ್ಲಿ. ಮುಂಗಾರು ಕೈಕೊಟ್ಟಿದ್ರೆ ಕೆರೆಯಲ್ಲಿ ಇನ್ನೂ ಕೆಸರೇ ಇರುತ್ತೆ. ಕೆರೆ ತುಂಬಿಸೋ ದೊಡ್ಡ ಮಳೆ ನಮಗೆ ಬರೋದು ಅದರ ಆಸುಪಾಸಿನಲ್ಲಿ ಮತ್ತೆ ಆಮೇಲೆ. ಬರುತ್ತೋ ಇಲ್ವೋ ಅಂತ ಆಕಾಶ ನೋಡೋ ಕಾಲದಲ್ಲಿ, ಗಂಗೆ ಮುನಿಸಿಕೊಂಡ ಹಾಡನ್ನ ಹೆಂಗಸರು ಹಾಡ್ತಿದ್ರು. ಅದು ಬರೀ ಸವತಿ ಜಗಳ ಆಗಿದ್ರೆ ಯಾವ ಹಬ್ಬದಲ್ಲಾದ್ರೂ ಹಾಡಬಹುದಿತ್ತು.

ಹೀಗೆ ಜೋಡಿಸಿದ್ರೆ ಹಾಡಿನಲ್ಲಿ ಮೂರು ಪದರ ಕಾಣುತ್ತೆ. ಜಡೆಯಲ್ಲಿ ಯಾರು ಅನ್ನೋ ವಿಚಾರಣೆ ದೇಶದ ಹಳೇ ಕತೆ. ಮೀನು ವಾಸನೆಯ ಹುಡುಗಿ ಭಾರತದ ಸತ್ಯವತಿ. ನೀರು ಬತ್ತೋದು, ಬೇಡಿಕೊಳ್ಳೋದು, ರಾಜಿಯಾಗೋದು ನಮ್ಮ ಕೆರೆ ಸೀಮೆಯದು. ಮೂರನ್ನೂ ಹೊಲಿದೋರು ನಮ್ಮ ಅಜ್ಜಿ ಮುತ್ತಜ್ಜಿಯರು. ಅವರ ಹೆಸರು ಎಲ್ಲೂ ಇಲ್ಲ. ಓದಿದೋರು ಇಂಥ ಹಾಡು ಬರೆದಿಟ್ಟು ಪುಸ್ತಕ ಮಾಡೋಕೆ ಶುರು ಮಾಡಿದ್ದೇ ತಡವಾಗಿ. ಹಲಸಂಗಿ ಗೆಳೆಯರ 'ಗರತಿಯ ಹಾಡು' ಬಂದಿದ್ದು 1931ರಲ್ಲಿ. ಮಂಡ್ಯ ಸೀಮೆಯ ಬಂಡಿಹೊಳೆ ಬಗ್ಗೆ ಅರ್ಚಕ ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಬಂದಿದ್ದು 1933ರಲ್ಲಿ. ಆಮೇಲೆ ವಿಶ್ವವಿದ್ಯಾಲಯದವರು, ಎಚ್.ಎಲ್. ನಾಗೇಗೌಡರ ಜಾನಪದ ಪರಿಷತ್ತಿನವರು ಬಹಳ ಕೆಲಸ ಮಾಡಿದ್ರು. ಆದ್ರೂ ನಮ್ಮೂರ ಹಾಡು ನಮ್ಮೂರ ಅಜ್ಜಿಯರ ಬಾಯಲ್ಲೇ ಉಳೀತು.

ಈಗ ಆ ಕೆರೆಗಳ ಗತಿ ಏನಾಯ್ತು? ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ, ವರ್ತೂರು ಕೆರೆ ಅದರ ಅರ್ಧದಷ್ಟು. ಊರಿನ ಒಳಚರಂಡಿ ನೀರೆಲ್ಲ ಇದೇ ದಾರಿಯಲ್ಲಿ ಬಂತು. 2015ರಲ್ಲಿ ವರ್ತೂರು ಕೋಡಿ ನೊರೆ ರಸ್ತೆಗೆ ಹಾರಿ ಬೈಕಿನೋರ ಮುಖಕ್ಕೆ ಹೊಡೀತು. ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಬಿತ್ತು. ನೀರಿಗೆ ಬೆಂಕಿ! ಇಂಥದ್ದನ್ನ ಯಾವ ಹಾಡೂ ಹೇಳಿರಲಿಲ್ಲ. 2018ರಿಂದ ಇದೇ ಕಣಿವೆಯ ಕೊಳಚೆ ನೀರನ್ನ ಶುದ್ಧಿ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಇಲ್ಲಿ ಹೂಳೆತ್ತೋ ಕೆಲಸ ಕೆಲವು ವರ್ಷದಿಂದ ನಡೀತಾ ಇದೆ.

ಮೀನುಗಾರರ ಕತೆ ಮಾತ್ರ ಬೆಂಕಿ ಬೀಳೋಕೆ ಮುಂಚೆನೇ ಮುಗಿದಿತ್ತು. ಅಜ್ಜಿ ಹೇಳಿದ್ದು: ಮೊದಲು ಕೆರೆ ಮೀನು ಹರಾಜಿಗೆ ಹೋಯ್ತು. ಹೊರಗಿನ ದುಡ್ಡಿರೋರು ಕೂಗಿ ಹಿಡಿದ್ರು. ಇವರು ತಮ್ಮ ಕೆರೆಯಲ್ಲೇ ಕೂಲಿಗೆ ಬಲೆ ಎಳೆದ್ರು. ಆಮೇಲೆ ಕಾಟ್ಲಾ, ರೋಹು ಮರಿ ತಂದು ಬಿಟ್ಟರು. ಇವು ಮೂಲದಲ್ಲಿ ಉತ್ತರದ ಗಂಗಾ ನದಿ ಕಡೆ ಮೀನು ಅಂತ ಓದಿದಾಗ ನನಗೆ ನಗು ಬಂತು. ಕೊನೆಗೂ ಗಂಗೆ ತವರಿನಿಂದ ಮೀನು ಕಳಿಸಿದ್ಲು. ಆದ್ರೆ ಅಷ್ಟು ಹೊತ್ತಿಗೆ ನೀರು ಕೆಟ್ಟಿತ್ತು. ಕೊರಮೀನು ಹೋಯ್ತು, ಗೆಂಡೆ ಹೋಯ್ತು, ಸ್ವಲ್ಪ ದಿನ ಜಿಲೇಬಿ ಮೀನು ಇತ್ತು, ಅದನ್ನೂ ತಿನ್ನೋಕೆ ಹೆದರಿದ್ರು. ಅಜ್ಜಿಯ ಗಂಡ ಬಳಸ್ತಿದ್ದ ಬೀಸುಬಲೆ ಈಗಲೂ ಅಟ್ಟದ ಮೇಲಿದೆ. ಇಳಿಸಿ ತೋರಿಸಿದ್ರು. ಸೀಸದ ಗುಂಡು ಹಾಗೇ ಇವೆ, ನೂಲು ಇಲಿ ಕಡಿದಿದೆ. ಮೂಗಿನ ಹತ್ರ ಹಿಡಿದು ನೋಡಿದೆ. ಯಾವ ವಾಸನೆನೂ ಇಲ್ಲ.

ವಾಸನೆ ಈಗ ಬೇರೆ ಕಡೆ ಇದೆ. ಕೆರೆ ಪಕ್ಕದ ರಸ್ತೆಯಲ್ಲಿ ಕಾರಿನೋರು ಗ್ಲಾಸ್ ಏರಿಸ್ಕೊಂಡು ಹೋಗ್ತಾರೆ. ಆ ವಾಸನೆ ಮೀನಿನದಲ್ಲ, ಬೆಸ್ತರದ್ದಲ್ಲ. ನಮ್ಮೆಲ್ಲರ ಮನೆ ಕಕ್ಕಸಿನದು, ಫ್ಯಾಕ್ಟರಿಗಳದ್ದು. ನಾವೂ ಪೂರ್ತಿ ಸಾಚಾ ಅಲ್ಲ. ಕೆರೆ ಅಂಗಳ ಒತ್ತಿ ಬೇಲಿ ಹಾಕಿದೋರಲ್ಲಿ ರೈತರೂ ಇದ್ದಾರೆ. ರಾಜಕಾಲುವೆ ಮುಚ್ಚಿ ಸೈಟ್ ಮಾಡಿ ಮಾರಿದೋರಲ್ಲಿ ನಮ್ಮ ನೆಂಟರೂ ಇದ್ದಾರೆ. ಬೋರ್ ಸಾವಿರ ಅಡಿ ದಾಟಿದ ಮೇಲೂ ಧೂಳು ಬಂದಾಗ ಗಂಗಮ್ಮ ಮುನಿದಳು ಅಂತೀವಿ. ಹಾಡು ಇಷ್ಟು ವರ್ಷದಿಂದ ಅದನ್ನೇ ಹೇಳ್ತಾ ಇದೆ. ಬೈದು ಓಡಿಸಿದೋಳೇ ಹೋಗಿ ಕರೀಬೇಕು, ಬೇರೆ ದಾರಿ ಇಲ್ಲ.

ಕಳೆದ ಭಾನುವಾರ ಅವ್ವನನ್ನ ಆಟೋದಲ್ಲಿ ಕೂರಿಸ್ಕೊಂಡು ಅಜ್ಜಿ ಮನೆಗೆ ಕರ್ಕೊಂಡು ಹೋದೆ. ಅರಿಶಿನ ಕುಂಕುಮ, ಎಲೆ ಅಡಿಕೆ, ಎರಡು ಸೇರು ಅವರೆಕಾಳು ತಗೊಂಡು ಹೋದ್ವಿ. ಇಬ್ಬರೂ ಒಂದೇ ಓರಗೆಯೋರು. ಎಷ್ಟೋ ವರ್ಷ ಒಂದೇ ಗದ್ದೆಯಲ್ಲಿ ನಾಟಿ ಹಾಕಿದೋರು. ಆದ್ರೆ ಅವ್ವ ಆ ಮನೆ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಗೋಡೆಗೆ ಒರಗಿ ಕೂತು ಹಾಡಿದ್ರು. ಗೌರಿ ಭಾಗ ಅವ್ವ, ಗಂಗೆ ಭಾಗ ಅಜ್ಜಿ. ಬೈಗುಳದ ಸಾಲು ಬಂದಾಗ ಅವ್ವ ನಿಲ್ಲಿಸಿದಳು. ಅಜ್ಜಿನೇ, "ಹೇಳಕ್ಕ, ಪರವಾಗಿಲ್ಲ, ಆ ಸಾಲು ಇಲ್ಲದೆ ಮುಂದಿಂದು ಬರಲ್ಲ" ಅಂದ್ರು. ಅವ್ವ ದನಿ ತಗ್ಗಿಸಿ ಹೇಳಿದಳು. ಆಮೇಲೆ ಬೇಡಿಕೊಳ್ಳೋ ಭಾಗ ಅಜ್ಜಿ ಒಂದೊಂದು ಸಾಲು ಹೇಳಿಕೊಟ್ರು, ಅವ್ವ ಹಿಂದೆನೇ ಹೇಳಿದಳು. ಪೂರ್ತಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೀನಿ. ನಲವತ್ತು ನಿಮಿಷ ಇದೆ.

ಅಜ್ಜಿಯ ಮಗ, ನನ್ನ ಬೆಂಚಿನೋನು, ರಾತ್ರಿ ಪಾಳಿ ಮುಗಿಸಿ ಒಳಗೆ ಮಲಗಿದ್ದ. ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದ. ನಾನು ಸ್ಕೂಲಿನ ವಿಷಯ ಎತ್ತಿ ತಪ್ಪಾಯ್ತು ಅಂದೆ. "ಬಿಡಯ್ಯ, ಅದ್ಯಾವ ಕಾಲದ್ದು" ಅಂದ. ಅವನಿಗೆ ಮರೆತಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮೂರಲ್ಲಿ ಈ ಹಾಡು ಬರೋ ಅಜ್ಜಿಯರಿದ್ರೆ ಈ ತಿಂಗಳೇ ಹೋಗಿ ರೆಕಾರ್ಡ್ ಮಾಡಿ. ಒಂದೇ ಬೀದಿಯಲ್ಲಿ ಮಾಡಬೇಡಿ. ಗೌರಿ ಕಡೆಯದೂ ಬೇಕು, ಗಂಗೆ ಕಡೆಯದೂ ಬೇಕು. ಯಾರು ಹಾಡಿದ್ದು, ಯಾವ ಊರು, ಯಾರಿಂದ ಕಲಿತಿದ್ದು ಅಂತ ಅವರ ಒಪ್ಪಿಗೆ ಕೇಳಿ ಬರೆದಿಡಿ. ಗುಂಜೂರು, ಸರ್ಜಾಪುರ, ಆನೇಕಲ್, ಹೊಸಕೋಟೆ ಕಡೆಯೋರು ನಿಮ್ಮೂರಲ್ಲಿ ಕತೆ ಹೇಗೆ ಮುಗಿಯುತ್ತೆ ಅಂತ ಹೇಳಿ.

ರಾಗಿ ತೆನೆ ಒಡೆದ ಮೇಲೆ ಮತ್ತೆ ಬರೀತೀನಿ. ಅವರೆಗೆ ಹುಳ ಕಾಣಿಸಿದ್ರೆ ಈಗಲೇ ನೋಡ್ಕೊಳ್ಳಿ. ನಮಸ್ಕಾರ.